ರ‍್ಯಾಂಕಿಗೆ ನಿವೃತ್ತಿಯಿಲ್ಲ

‘ಜನರಲ್ ಸಾಹೇಬರೇ ಹೇಳ್ತಿದ್ದಾರೆ, ಅವರಿಗಿಂತ ನಿಮಗೆ ಹೆಚ್ಚು ಗೊತ್ತೇನು?’ ಟಿವಿಯ ಯುದ್ಧಸುದ್ದಿಯ ಬಗ್ಗೆ ಅನುಮಾನ ತೋರಿದಾಗಲೆಲ್ಲ ನನ್ನ ಬಾಯಿ ಮುಚ್ಚಿಸಲು ಬರುವ ಮಾತು ಇದು. ಸೇನೆಯ ಬಗ್ಗೆ ಅವರಿಗೆ ನನಗಿಂತ ನೂರು ಪಾಲು ಹೆಚ್ಚು ಗೊತ್ತು, ತಕರಾರಿಲ್ಲ. ಆದರೆ ನಿನ್ನೆ ರಾತ್ರಿ ಗಡಿಯಲ್ಲಿ ಏನಾಯಿತು ಎಂಬುದು ಬೇರೆಯೇ ಪ್ರಶ್ನೆ. ಹತ್ತು ವರ್ಷದ ಹಿಂದೆ ಸಮವಸ್ತ್ರ ಕಳಚಿಟ್ಟು, ಈಗ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಅದು ನನಗೆ ಗೊತ್ತಿರುವಷ್ಟೇ ಗೊತ್ತು. ಈ ಎರಡು ತಿಳಿವಳಿಕೆಗಳನ್ನು ಒಂದೇ ಎಂಬಂತೆ ಮಾರುವುದು ಸುದ್ದಿವಾಹಿನಿಗಳ ಯುದ್ಧಕಾಲದ ವ್ಯಾಪಾರ. ನಿವೃತ್ತ ಅಧಿಕಾರಿಗಳು ಆ ವ್ಯಾಪಾರಕ್ಕೆ ತಮ್ಮ ರ‍್ಯಾಂಕನ್ನು ಬಂಡವಾಳವಾಗಿ ಕೊಡಬಾರದು.

ಭಾರತ-ಪಾಕಿಸ್ತಾನ ಸಂಘರ್ಷದ ನಡುವಿನ 2025ರ ಮೇ 8ರ ರಾತ್ರಿ ನೆನಪಿಸಿಕೊಳ್ಳಿ. ಕರಾಚಿ ಬಂದರಿನ ಮೇಲೆ ನಮ್ಮ ನೌಕಾಪಡೆ ದಾಳಿ ಮಾಡಿದೆ ಎಂದು ವಾಹಿನಿಗಳು ಕೂಗಿದವು. ಪಾಕಿಸ್ತಾನದ ಸೇನಾ ಮುಖ್ಯಸ್ಥರ ಬಂಧನವಾಗಿದೆ ಎಂದೂ ಹೇಳಿದವು. ಎರಡೂ ಸುಳ್ಳು. ನಾನು ನೋಡುತ್ತಿದ್ದ ವಾಹಿನಿಯಲ್ಲಿ ಸೈರನ್ ಸದ್ದಿನ ನಡುವೆ ಆ್ಯಂಕರ್ ‘ಮುಂದೇನು ಸರ್?’ ಎಂದು ಕೇಳಿದರೆ, ‘ಮೊದಲು ಇದು ಖಚಿತವಾಗಲಿ’ ಎನ್ನಬೇಕಾಗಿದ್ದ ನಿವೃತ್ತ ಅಧಿಕಾರಿ ಮುಂದಿನ ದಾಳಿ ಎಲ್ಲಿಂದ ಎಂದು ವಿವರಿಸತೊಡಗಿದರು.

ಅದನ್ನು ನೋಡಿದ್ದು ಬೆಳಗಾವಿಯ ನಮ್ಮ ಓಣಿಯ ಮಾಜಿ ಹವಾಲ್ದಾರರ ಮನೆಯಲ್ಲಿ. ಅವರ ಮಗನಿಗೆ ಆಗ ಜಮ್ಮು ಕಡೆ ಪೋಸ್ಟಿಂಗ್. ಮನೆಯಾಕೆ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದರು. ಟಿವಿಯಲ್ಲಿ ಒಂದೊಂದು ಊರಿನ ಹೆಸರು ಬಂದಾಗಲೂ ಪರದೆ ಒತ್ತಿ ನೋಡುತ್ತಿದ್ದರು. ‘ಇವ್ರಿಗೆ ಯಾರ್ ಹೇಳ್ಯಾರ್ರೀ ಇದನ್ನೆಲ್ಲಾ?’ ಎಂದು ಹವಾಲ್ದಾರರು ಟಿವಿ ಬಂದ್ ಮಾಡಿದರು. ಎರಡು ದಿನ ಬಿಟ್ಟು ಮಗನ ಫೋನ್ ಬಂದಾಗ ಅವರು ‘ಎಲ್ಲಿದ್ದೀ’ ಎಂದು ಕೇಳಲಿಲ್ಲ. ‘ಊಟ ಆತೇನು?’ ಎಂದು ಕೇಳಿ ಫೋನನ್ನು ಹೆಂಡತಿಗೆ ಕೊಟ್ಟರು.

ಕದನವಿರಾಮದ ಮರುದಿನ, ಮೇ 11ರಂದು, ಸೇನೆಯ ಪತ್ರಿಕಾಗೋಷ್ಠಿಯಲ್ಲಿ ನಮ್ಮ ವಿಮಾನಗಳ ನಷ್ಟದ ಪ್ರಶ್ನೆ ಬಂತು. ಏರ್ ಮಾರ್ಷಲ್ ಎ.ಕೆ. ಭಾರ್ತಿ ನಷ್ಟ ಯುದ್ಧದ ಭಾಗವೇ ಎಂದರು, ವಿವರ ಕೊಡಲು ಒಪ್ಪಲಿಲ್ಲ. ವಿಮಾನ ಕಳೆದುಕೊಂಡಿದ್ದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿಕೊಂಡದ್ದು ಮೇ 31ರಂದು, ಸಿಂಗಪುರದಲ್ಲಿ. ಎಲ್ಲ ಗೊತ್ತಿದ್ದವರು ಇಷ್ಟು ಅಳೆದು ಮಾತಾಡುತ್ತಿದ್ದ ದಿನಗಳಲ್ಲೇ ಏನೂ ಗೊತ್ತಿಲ್ಲದವರು ಗಂಟೆಗಟ್ಟಲೆ ಮಾತಾಡಿದರು.

ಇದಕ್ಕೊಂದು ಗಟ್ಟಿ ಎದುರುವಾದವಿದೆ, ಅದನ್ನು ನಾನು ಗೌರವಿಸುತ್ತೇನೆ. ಸೇವೆಯಲ್ಲಿರುವವರು ಅನುಮತಿಯಿಲ್ಲದೆ ಮಾತಾಡುವಂತಿಲ್ಲ. ಯುದ್ಧರಂಗ ನೋಡಿದ ಪತ್ರಕರ್ತರು ವಿರಳ. ನಮ್ಮ ರಾಜಕಾರಣಿಗಳಲ್ಲಿ ಬಹುಪಾಲು ಮಂದಿಗೆ ಬ್ರಿಗೇಡ್‌ಗೂ ಬೆಟಾಲಿಯನ್‌ಗೂ ವ್ಯತ್ಯಾಸ ತಿಳಿಯದು. ನಿವೃತ್ತರೂ ಸುಮ್ಮನಾದರೆ ಮೈದಾನ ಬಾಯಿಬಡುಕರ ಪಾಲಾಗುತ್ತದೆ. ಇದೆಲ್ಲ ನಿಜ. ಪಾಕಿಸ್ತಾನದಲ್ಲಿ 2019ರಲ್ಲಿ ಮಾಡಿದಂತೆ, ನಿವೃತ್ತರನ್ನು ಚರ್ಚೆಗೆ ಕರೆಯುವ ಮುನ್ನ ಸೇನೆಯ ಒಪ್ಪಿಗೆ ಪಡೆಯಿರಿ ಎನ್ನುವ ಬಾಯಿಬೀಗ ನಮಗೆ ಬೇಡವೇ ಬೇಡ.

ಮಾತಾಡಲಿ. ಆದರೆ ಯಾವ ಅಧಿಕಾರದಿಂದ? ಸೇನೆಯಲ್ಲಿ ‘ನಿವೃತ್ತ’ ಎಂಬ ಪದ ಬರೆಯುವುದಕ್ಕೂ ಒಂದು ಕ್ರಮವಿದೆ: ಮೊದಲು ರ‍್ಯಾಂಕ್, ಆಮೇಲೆ ಹೆಸರು, ಆ ಪದ ಕೊನೆಗೆ. ನಿವೃತ್ತಿ ವ್ಯಕ್ತಿಗೆ, ರ‍್ಯಾಂಕಿಗಲ್ಲ ಎಂಬುದು ಅದರ ಅರ್ಥ. ನಾವು ಕನ್ನಡದಲ್ಲಿ ‘ನಿವೃತ್ತ ಮೇಜರ್ ಜನರಲ್’ ಎಂದು ಬರೆದು ರ‍್ಯಾಂಕನ್ನೇ ನಿವೃತ್ತಗೊಳಿಸುತ್ತೇವೆ. ನಮ್ಮ ಭಾಷೆಯ ಜಾಯಮಾನ ಅದು. ಸೇನೆಯ ಕ್ರಮ ಹೇಳುವುದು ಮಾತ್ರ ದೊಡ್ಡ ಮಾತು. ರ‍್ಯಾಂಕ್ ಸೇನೆಗೆ ಸೇರಿದ್ದು. ಸಿಯಾಚಿನ್‌ನಲ್ಲಿ ಹಿಮಕ್ಕೆ ಬೆರಳು ಕಳೆದುಕೊಂಡ ಜವಾನನಿಂದಲೂ ಅದಕ್ಕೆ ತೂಕ ಬಂದಿದೆ. ಆ ತೂಕವನ್ನು ಒಬ್ಬರು ರಾತ್ರಿ ಒಂಬತ್ತರ ಡಿಬೇಟಿನಲ್ಲಿ ಊಹಾಪೋಹಕ್ಕೆ ಕಟ್ಟಿಬಿಟ್ಟರೆ ನನಗೆ ಸಿಟ್ಟು ಬರುತ್ತದೆ.

ರ‍್ಯಾಂಕಿನ ಬೆಲೆ ಅಮೆರಿಕದವರಿಗೆ ಚೆನ್ನಾಗಿ ಗೊತ್ತಿತ್ತು. 2008ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಡೇವಿಡ್ ಬಾರ್‌ಸ್ಟೋ ಬರೆದ ವರದಿ ಅದನ್ನು ಬಯಲು ಮಾಡಿತು. ಇರಾಕ್ ಯುದ್ಧದ ಬಗ್ಗೆ ಟಿವಿಯಲ್ಲಿ ವಿಶ್ಲೇಷಣೆ ಮಾಡುತ್ತಿದ್ದ ನಿವೃತ್ತ ಅಧಿಕಾರಿಗಳಿಗೆ ಪೆಂಟಗನ್ ಖಾಸಗಿಯಾಗಿ ವಿವರ ಕೊಡುತ್ತಿತ್ತು, ಹೇಳಬೇಕಾದ ಅಂಶಗಳನ್ನು ಒದಗಿಸುತ್ತಿತ್ತು, ಇರಾಕ್‌ಗೂ ಗ್ವಾಂಟನಾಮೊ ಸೆರೆಮನೆಗೂ ಕರೆದೊಯ್ಯುತ್ತಿತ್ತು. ಅವರಲ್ಲಿ ಅನೇಕರಿಗೆ ರಕ್ಷಣಾ ಗುತ್ತಿಗೆ ಕಂಪನಿಗಳ ಜೊತೆ ನಂಟಿತ್ತು. ನೋಡುಗರಿಗೆ ಇದು ಗೊತ್ತಾಗಲೇ ಇಲ್ಲ. ಪತ್ರಿಕೆ ಕೋರ್ಟಿಗೆ ಹೋಗಿ ಸುಮಾರು 8,000 ಪುಟ ದಾಖಲೆ ತರಿಸಿಕೊಂಡ ಮೇಲೆ ಹೊರಬಿದ್ದ ಸಂಗತಿ ಇದು. ಮರುವರ್ಷ ಬಾರ್‌ಸ್ಟೋ ಅವರಿಗೆ ಪುಲಿಟ್ಜರ್ ಬಂತು. ನಿಯಮ ಮುರಿದಿಲ್ಲ ಎಂದು ಪೆಂಟಗನ್ನಿನ ತನಿಖೆ ಆಮೇಲೆ ಹೇಳಿತು. ನಿಯಮ ಮುರಿಯದೆಯೇ ಇಷ್ಟೆಲ್ಲ ಮಾಡಬಹುದಾಗಿತ್ತು ಎಂಬುದೇ ನನಗೆ ಹೆಚ್ಚು ಕಳವಳದ ವಿಷಯ.

ನಿವೃತ್ತ ಜನರಲ್‌ನಿಂದ ದೇಶಕ್ಕೆ ಬೇಕಾದ ಮಾತು ಎಂಥದ್ದು ಎಂಬುದಕ್ಕೆ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರೇ ಇದ್ದಾರೆ. 1961ರಲ್ಲಿ ನಿವೃತ್ತರಾದ ಅವರು 1962ರ ಜುಲೈಯ ‘ಸೆಮಿನಾರ್’ ಪತ್ರಿಕೆಯಲ್ಲಿ, ಚೀನಾದ ಜೊತೆ ಭಾರತ ಒಂಟಿಯಾಗಿ ಪೂರ್ಣಪ್ರಮಾಣದ ಯುದ್ಧ ಮಾಡಿ ಗೆಲ್ಲುವುದನ್ನು ಸೈನಿಕನಾಗಿ ತಾನು ಕಲ್ಪಿಸಿಕೊಳ್ಳಲಾರೆ ಎಂಬರ್ಥದ ಮಾತು ಬರೆದರು. ಯಾರಿಗೂ ಹಿತವಾಗುವ ಮಾತಲ್ಲ ಅದು. ಯುದ್ಧ ಬಂದದ್ದು ಅಕ್ಟೋಬರ್‌ನಲ್ಲಿ. ಮರುದಿನದ ದಾಳಿ ಎಲ್ಲಿಂದ ಎಂದು ಅವರು ಕಣಿ ಹೇಳಲಿಲ್ಲ. ಎರಡು ದೇಶಗಳ ಸೇನಾಬಲವನ್ನು ತೂಗಿ ನೋಡಿ ಹೇಳಿದರು. ಸೇನೆಯಲ್ಲಿ ದಶಕಗಟ್ಟಲೆ ದುಡಿದವರ ಬಳಿ ಇರುವ ನಿಜವಾದ ಆಸ್ತಿ ಈ ತೂಗುವ ಶಕ್ತಿ: ಒಂದು ಡಿವಿಷನ್ನನ್ನು ಬೆಟ್ಟ ಹತ್ತಿಸಲು ಎಷ್ಟು ದಿನ ಬೇಕು, ಎಷ್ಟು ಹೇಸರಗತ್ತೆ ಬೇಕು, ಮಳೆಗಾಲದಲ್ಲಿ ಯಾವ ದಾರಿ ಮುಚ್ಚುತ್ತದೆ. ಇದನ್ನು ಹೇಳುವ ಅಧಿಕಾರಿಯ ಮಾತನ್ನು ನಾನು ಎಷ್ಟು ಹೊತ್ತಾದರೂ ಕೇಳುತ್ತೇನೆ.

ಹಾಗಾಗಿ ಪರದೆಯಲ್ಲಿ ಹೆಸರಿನ ಕೆಳಗೆ ಇನ್ನೆರಡು ಸಾಲು ಇರಬೇಕು: ನಿವೃತ್ತರಾದ ವರ್ಷ, ಈಗ ಸಂಬಳವೋ ಸಲಹಾ ಶುಲ್ಕವೋ ಪಡೆಯುತ್ತಿರುವ ಕಂಪನಿಯ ಹೆಸರು. ವಾಹಿನಿಗಳು ತಾವಾಗಿ ಇದನ್ನು ಮಾಡಲಾರವು. ಅಧಿಕಾರಿಗಳೇ ಕೇಳಿ ಹಾಕಿಸಿಕೊಳ್ಳಬೇಕು. ಹಾಕುವುದಿಲ್ಲ ಎಂದರೆ ಚರ್ಚೆಗೆ ಬರುವುದಿಲ್ಲ ಎನ್ನಬೇಕು.