ಎದುರುಗಾಜಿನ ಮೇಲಣ ಕಲೆ

ಕನ್ನಡಕ ಧರಿಸುವವರು ದಿನಕ್ಕೆ ನಾಲ್ಕು ಬಾರಿಯಾದರೂ ಅದನ್ನು ತೆಗೆದು ಒರೆಸಿಕೊಳ್ಳುವುದುಂಟು. ಆದರೆ ಅದೇ ಜನ ತಮ್ಮ ಮೋಟಾರು ಗಾಡಿಯ ಎದುರುಗಾಜು ಮಸುಕಾದರೆ ತಿಂಗಳುಗಟ್ಟಲೆ ಸಹಿಸಿಕೊಂಡಿರುತ್ತಾರೆ. ಕನ್ನಡಕ ಮಸುಕಾದರೆ ಒಂದೆರಡು ಅಕ್ಷರ ತಪ್ಪೀತು, ಅಷ್ಟೆ. ಎದುರುಗಾಜು ಮಸುಕಾದಾಗ ಕಣ್ಣಿಗೆ ತಪ್ಪುವುದು ದಾರಿಯಲ್ಲಿ ನಡೆದು ಹೋಗುವ ಮನುಷ್ಯ.

ಸೇಡಂನಿಂದ ಮಳಖೇಡವನ್ನು ಹಾದು ಕಲಬುರಗಿಗೆ ಹೋಗುವ ದಾರಿ ಬಹುಮಟ್ಟಿಗೆ ಪಶ್ಚಿಮಕ್ಕೆ ಮುಖಮಾಡಿದುದು. ಸಂಜೆಯ ಹೊತ್ತು ಈ ದಾರಿಯಲ್ಲಿ ಹೊರಟ ಚಾಲಕನಿಗೆ ಇಳಿಯುವ ಸೂರ್ಯನು ನೇರವಾಗಿ ಮುಖಕ್ಕೇ ಎದುರಾಗುತ್ತಾನೆ. ಹೊಲದಿಂದ ಮರಳುವ ಎತ್ತಿನ ಬಂಡಿ, ಮೇವಿನ ಹೊರೆ ಹೊತ್ತ ಹೆಂಗಸರು, ಸೈಕಲ್ಲಿನ ಮೇಲೆ ಬರುವ ಹುಡುಗರು ಎಲ್ಲರೂ ದಾರಿಯ ಮೇಲಿರುವ ಸಮಯ ಅದೇ. ಗಾಜು ನಿರ್ಮಲವಾಗಿದ್ದರೆ ಇವರೆಲ್ಲ ಕಾಣುತ್ತಾರೆ. ಅದರ ಮೇಲೆ ಗೀರುಗಳೂ ನೀರಿನ ಕಲೆಗಳೂ ತುಂಬಿದ್ದರೆ, ಒಂದೊಂದು ಗೀರೂ ಒಂದೊಂದು ಚುಕ್ಕೆಯೂ ಬೆಳಕನ್ನು ದಿಕ್ಕಾಪಾಲಾಗಿ ಚದರಿಸಿ, ಗಾಜೆಲ್ಲ ಬಿಳಿಯ ಪರದೆಯಂತಾಗುತ್ತದೆ. ರಾತ್ರಿಯಲ್ಲಿ ಎದುರಿನ ಲಾರಿಯ ದೀಪ ಮಾಡುವುದೂ ಇದನ್ನೇ. ಹಗಲಿನಲ್ಲಿ ನೋಡಿದರೆ ಅದೇ ಗಾಜು ಸಾಕಷ್ಟು ಚೆನ್ನಾಗಿಯೇ ತೋರುವುದರಿಂದ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ.

ಕಲೆ ತೆಗೆಯಹೊರಟವರು ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಗಾಜಿನ ಮೇಲಣ ದೋಷಗಳಲ್ಲಿ ಎರಡು ಜಾತಿ. ನೀರಿನ ಕಲೆಯೆಂಬುದು ಗಾಜಿನ ಮೇಲೆ ಬಂದು ಕೂತ ವಸ್ತು. ಗೀರೆಂಬುದು ಗಾಜಿನಿಂದ ಕಿತ್ತು ಹೋದ ಭಾಗ. ಬಂದು ಕೂತುದನ್ನು ಕರಗಿಸಬಹುದು. ಕಿತ್ತು ಹೋದುದನ್ನು ಮರಳಿ ತುಂಬಲಾಗದು, ಅದರ ಸುತ್ತಲ ಗಾಜನ್ನು ಸವೆಸಿ ಸಮಮಾಡಬಹುದು, ಅಷ್ಟೆ. ಈ ಭೇದವನ್ನು ಅರಿಯದೆ ಎರಡಕ್ಕೂ ಒಂದೇ ಮದ್ದು ಹಾಕುವುದರಿಂದಲೇ ಎಷ್ಟೋ ಗಾಜುಗಳು ಕೆಡುತ್ತವೆ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಪ್ರದೇಶದ ನೆಲದ ಒಡಲೆಲ್ಲ ಸುಣ್ಣಕಲ್ಲು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿ ಬಂಡೆಯೂ ಅದೇ, ಇಲ್ಲಿನ ಸಿಮೆಂಟು ಕಾರ್ಖಾನೆಗಳಿಗೆ ಆಹಾರವೂ ಅದೇ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಕೊಂಚ ಹುಳಿಯಾಗಿ ಈ ಕಲ್ಲಿನೊಳಗೆ ಇಳಿಯುತ್ತದೆ. ಇಳಿಯುತ್ತ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಬಾವಿಯಿಂದಲೋ ಕೊಳವೆಬಾವಿಯಿಂದಲೋ ಆ ನೀರನ್ನು ಎತ್ತಿ ಗಾಡಿ ತೊಳೆದು ಬಿಸಿಲಿಗೆ ಬಿಟ್ಟರೆ, ನೀರು ಆರಿಹೋಗಿ ಸುಣ್ಣ ಗಾಜಿನ ಮೇಲೆ ಉಳಿಯುತ್ತದೆ. ನೀರು ಕಾಯಿಸುವ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪೊರೆಯೂ ಗಾಜಿನ ಮೇಲಣ ಬಿಳಿಯ ಚುಕ್ಕೆಯೂ ಒಂದೇ ವಸ್ತು.

ಇದಕ್ಕೆ ಮದ್ದು ಅಡುಗೆಮನೆಯಲ್ಲಿಯೇ ಇದೆ. ಶಹಾಬಾದಿ ಬಂಡೆಯ ನೆಲದ ಮೇಲೆ ನಿಂಬೆಯ ಹೋಳು ಬಿದ್ದರೆ ಅಲ್ಲಿ ಮಾಸಲು ಗುರುತೊಂದು ಉಳಿಯುವುದನ್ನು ಗೃಹಿಣಿಯರು ಬಲ್ಲರು. ಹುಳಿಯು ಸುಣ್ಣಕಲ್ಲನ್ನು ತಿನ್ನುವುದರಿಂದ ಹಾಗಾಗುತ್ತದೆ. ನೆಲಕ್ಕೆ ಶತ್ರುವಾದ ಆ ಗುಣವೇ ಗಾಜಿಗೆ ಮಿತ್ರ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಗಾಜು ತಣ್ಣಗಾದ ಮೇಲೆ ಧೂಳನ್ನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಬಿಳಿಯ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ಕಲೆಯ ಮೇಲೆ ಐದು ನಿಮಿಷ ಹಾಸಿಡಬೇಕು. ಬಳಿಕ ಹಗುರವಾಗಿ ಒರೆಸಿ, ಧಾರಾಳವಾಗಿ ನೀರು ಹೊಯ್ದು, ಒಣಬಟ್ಟೆಯಿಂದ ಆರಿಸಬೇಕು. ವಿನೆಗರ್ ಇಲ್ಲದವರಿಗೆ ಸೋಸಿದ ನಿಂಬೆರಸ ಸಾಕು. ಹುಳಿಯ ನೀರು ಬಣ್ಣದ ಮೇಲೂ ರಬ್ಬರಿನ ಮೇಲೂ ನಿಲ್ಲಬಾರದು. ಬಂಡೆ ಹಾಸಿದ ಅಂಗಳದಲ್ಲಿ ಈ ಕೆಲಸಕ್ಕೆ ತೊಡಗುವುದೂ ಬೇಡ; ಗಾಜಿನ ಕಲೆ ಹೋಗಿ ಅಂಗಳಕ್ಕೆ ಕಲೆ ಬಂದೀತು. ಪಾಯಿಖಾನೆ ತೊಳೆಯುವ ತೀಕ್ಷ್ಣವಾದ ಆಮ್ಲವನ್ನಂತೂ ಗಾಡಿಯ ಹತ್ತಿರ ತರಕೂಡದು.

ಹುಳಿಗೂ ಬಗ್ಗದ ಕಲೆಯುಂಟು. ಸಿಮೆಂಟಿನ ಧೂಳು ನೀರಿನೊಡನೆ ಸೇರಿದರೆ ಬಲವಾದ ಕ್ಷಾರವಾಗುತ್ತದೆ, ಮತ್ತು ಕ್ಷಾರವು ಗಾಜನ್ನೇ ಮೆಲ್ಲಗೆ ತಿನ್ನುತ್ತದೆ. ಮಂಜು ಬಿದ್ದ ಗಾಜಿನ ಮೇಲೆ ಧೂಳು ಕೂತು, ಬಿಸಿಲಿಗೆ ಕಾದು, ಹೀಗೆಯೇ ವಾರಗಳು ಕಳೆದರೆ ಗಾಜಿನ ಮೈಯಲ್ಲಿ ಸಣ್ಣ ಗುಳಿಗಳಾಗುತ್ತವೆ. ಆಗ ಕಲೆಯು ಗೀರಿನ ಜಾತಿಗೆ ಸೇರಿತೆಂದೇ ತಿಳಿಯಬೇಕು.

ಈಗ ಗೀರಿನ ವಿಷಯ. ಈ ಭಾಗದಲ್ಲಿ ಗಾಜಿಗೆ ಗೀರು ಬಿದ್ದರೆ ಎಲ್ಲರೂ ದೂರುವುದು ಸುಣ್ಣಕಲ್ಲಿನ ಧೂಳನ್ನು. ಇದು ನ್ಯಾಯವಲ್ಲ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಎಂಬಾತನ ಮಾನದಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜಕ್ಕೆ 3ನೆಯ ಸ್ಥಾನ, ಗಾಜಿಗೆ ಸುಮಾರು ಐದೂವರೆ. ಮೃದುವಾದುದು ಗಟ್ಟಿಯಾದುದನ್ನು ಗೀರಲಾರದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಸಮೀಪ ಕನಗನಹಳ್ಳಿಯಲ್ಲಿ ದೊರೆತ ಬೌದ್ಧ ಸ್ತೂಪದ ಶಿಲ್ಪಗಳನ್ನು, ಅಶೋಕನ ಹೆಸರು ಬರೆದ ಉಬ್ಬುಚಿತ್ರವನ್ನೂ ಒಳಗೊಂಡು, ಅಂದಿನ ಶಿಲ್ಪಿಗಳು ಅಷ್ಟು ನಯವಾಗಿ ಬಿಡಿಸಲು ಸಾಧ್ಯವಾದುದು ಈ ಕಲ್ಲು ಉಳಿಗೆ ಸುಲಭವಾಗಿ ಒಲಿಯುವುದರಿಂದಲೇ. ನಿಜವಾದ ಅಪರಾಧಿ ಮರಳಿನ ಕಣ. ಬೆಣಚುಕಲ್ಲಿನ ಕಾಠಿಣ್ಯ 7. ಚಿಂಚೋಳಿಯ ಗುಡ್ಡದ ದಾರಿಯಿರಲಿ, ವಾಡಿಯ ದಾರಿಯಿರಲಿ, ರಸ್ತೆಯ ಧೂಳಿನಲ್ಲಿ ಮರಳು ಇದ್ದೇ ಇರುತ್ತದೆ. ಒಣಗಾಜಿನ ಮೇಲೆ ವೈಪರ್ ತಿರುಗಿಸಿದಾಗ ರಬ್ಬರಿನ ಅಂಚಿಗೆ ಸಿಕ್ಕಿದ ಕಣಗಳು ಬಿಲ್ಲಿನಂತೆ ಬಾಗಿದ ಗೀರುಗಳನ್ನು ಎಳೆಯುತ್ತವೆ. ಕ್ಲೀನರ್ ಹುಡುಗನು ಒಣಬಟ್ಟೆಯಿಂದ ತಿಕ್ಕಿದರೂ ಫಲ ಇದೇ. ಬೂದಿಯಿಂದಲೋ ಇಟ್ಟಿಗೆ ಪುಡಿಯಿಂದಲೋ ಗಾಜು ಉಜ್ಜುವವರು ಹಳೆಯ ಗೀರಿಗೆ ಹೊಸ ಗೀರುಗಳನ್ನು ಜೊತೆಮಾಡುತ್ತಾರೆ. ಹಲ್ಲುಜ್ಜುವ ಪೇಸ್ಟು ಗಾಜಿನ ಕೊಳೆಯನ್ನು ತೆಗೆದು ಹೊಳಪು ಕೊಟ್ಟೀತೇ ಹೊರತು ಗೀರನ್ನು ಅಳಿಸಲಾರದು.

ಗೀರಿಗೆ ನಿಜವಾದ ಮದ್ದು ಸೀರಿಯಂ ಆಕ್ಸೈಡ್ ಎಂಬ ಪುಡಿ. ಸೀರಿಯಂ ಧಾತುವನ್ನು 1803ರಲ್ಲಿ ಸ್ವೀಡನ್ ಮತ್ತು ಜರ್ಮನಿಯ ರಸಾಯನ ಶಾಸ್ತ್ರಜ್ಞರು ಕಂಡುಹಿಡಿದರು. ಕೇರಳದ ಕಡಲತೀರದ ಮರಳಿನಲ್ಲಿಯೂ ಅದು ಉಂಟು. ಈ ಪುಡಿಯ ಕಣಗಳು ಗಾಜನ್ನು ಸವೆಸುವುದರ ಜೊತೆಗೆ, ನೀರಿನಲ್ಲಿ ನೆನೆದ ಗಾಜಿನ ಮೇಲ್ಪದರದೊಡನೆ ರಾಸಾಯನಿಕವಾಗಿಯೂ ಬೆರೆತು ಅದನ್ನು ಅಣುವಣುವಾಗಿ ಕೀಳುತ್ತವೆ. ಆದುದರಿಂದಲೇ ಹೊಸ ಗೀರುಗಳು ಏಳುವುದಿಲ್ಲ.

ಪ್ರಯೋಗಿಸುವ ಮುನ್ನ ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಬೇಕು. ಉಗುರು ಎಡವಿದರೆ ಗೀರು ಆಳವಾದುದು. ಅದರ ತಂಟೆ ಬೇಡ. ಎಡವದಿದ್ದರೆ, ಗಾಜಿನ ಒಳಬದಿಯಿಂದ ಅಂಟುಪಟ್ಟಿ ಹಚ್ಚಿ ಸ್ಥಳವನ್ನು ಗುರುತಿಸಿಕೊಂಡು, ಪುಡಿಯನ್ನು ನೀರಿನಲ್ಲಿ ಹಾಲಿನ ಹದಕ್ಕೆ ಕಲಸಿ, ಫೆಲ್ಟ್ ಬಿಲ್ಲೆಯನ್ನು ಸಿಕ್ಕಿಸಿದ ಯಂತ್ರವನ್ನು ನಿಧಾನವಾಗಿ ಆಡಿಸುತ್ತ ಉಜ್ಜಬೇಕು. ಬಿಲ್ಲೆ ಒಂದೇ ಕಡೆ ನಿಲ್ಲಬಾರದು, ಒಣಗಲೂ ಬಾರದು. ಅಂಗೈಯಿಟ್ಟು ನೋಡಿದಾಗ ಗಾಜು ಬಿಸಿಯೆನಿಸಿದರೆ ಕೂಡಲೆ ನಿಲ್ಲಿಸಬೇಕು. ಒಂದೆಡೆ ಕಾದ ಗಾಜು ಸೀಳುವುದುಂಟು.

ಆಳವಾದ ಗೀರನ್ನು ಏಕೆ ಮುಟ್ಟಬಾರದು? ಈಗಿನ ಎದುರುಗಾಜು ಒಂದೇ ಗಾಜಲ್ಲ. ಸುಮಾರು ಎರಡು ಮಿಲಿಮೀಟರು ದಪ್ಪದ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳುಹಾಳೆಯೊಂದು ಅಂಟಿರುತ್ತದೆ. ಕಲ್ಲು ಬಡಿದಾಗ ಗಾಜು ಒಡೆದರೂ ಚೂರುಗಳು ಮುಖಕ್ಕೆ ಹಾರದಂತೆ ಹಿಡಿದಿಡುವುದು ಆ ಹಾಳೆ. ಹೊರಗಿನ ಗಾಜನ್ನು ಒಂದೆಡೆ ಬಹಳ ಸವೆಸಿದರೆ ಅದು ದುರ್ಬಲವಾಗುವುದಲ್ಲದೆ ಅಲ್ಲಿ ತಗ್ಗು ಬಿದ್ದು ಮಸೂರದಂತಾಗುತ್ತದೆ. ಅದರ ಮೂಲಕ ಕಂಡ ದಾರಿ ಅಲುಗುತ್ತದೆ, ಎದುರಿನ ಗಾಡಿಯ ದೂರ ಸರಿಯಾಗಿ ತಿಳಿಯದು. ಗೀರಿಗಿಂತ ಈ ಹೊಳಪೇ ಹೆಚ್ಚು ಅಪಾಯಕಾರಿ. ಚಾಲಕನ ಕಣ್ಣಿಗೆ ನೇರವಾದ ಜಾಗದಲ್ಲಿ ಆಳವಾದ ಗೀರಿದ್ದರೆ ಗಾಜನ್ನು ಬದಲಾಯಿಸುವುದೇ ಉಚಿತ. ಖರ್ಚು ಹೆಚ್ಚಾದೀತು, ನಿಜ. ಬಾಡಿಗೆಗೆ ಗಾಡಿ ಓಡಿಸಿ ಹೊಟ್ಟೆ ಹೊರೆಯುವವನಿಗೆ ಅದು ಸಣ್ಣ ಮಾತಲ್ಲ. ಆದುದರಿಂದಲೇ ಗೀರು ಬೀಳದಂತೆ ನೋಡಿಕೊಳ್ಳುವುದು ಅವನಿಗೆ ಎಲ್ಲರಿಗಿಂತ ಹೆಚ್ಚು ಲಾಭಕರ.

ಅದಕ್ಕೆ ಬೇಕಾದುದು ಒಂದು ಚೊಂಬು ನೀರು. ಬೆಳಿಗ್ಗೆ ಗಾಜಿನ ಮೇಲೆ ನೀರು ಹೊಯ್ದು ಧೂಳನ್ನು ಹರಿಯಬಿಟ್ಟ ಮೇಲೆಯೇ ಬಟ್ಟೆ ಮುಟ್ಟಿಸಬೇಕು. ವೈಪರಿನ ರಬ್ಬರನ್ನು ಎತ್ತಿ ಒದ್ದೆಬಟ್ಟೆಯಿಂದ ಅದರ ಅಂಚನ್ನು ಒರೆಸಬೇಕು; ಅದು ಗಡುಸಾಗಿದ್ದರೆ ಮಳೆಗಾಲಕ್ಕೆ ಮುಂಚೆ ಹೊಸದನ್ನು ಹಾಕಿಸಬೇಕು. ತೊಳೆದ ನೀರನ್ನು ಬಿಸಿಲಿಗೆ ಆರಲು ಬಿಡದೆ ಒರೆಸಿ ತೆಗೆಯಬೇಕು. ತಿಂಗಳಿಗೊಮ್ಮೆ ಸಂಜೆಯ ಹೊತ್ತು ಗಾಡಿಯನ್ನು ಸೂರ್ಯನಿಗೆ ಎದುರಾಗಿ ನಿಲ್ಲಿಸಿ, ಚಾಲಕನ ಜಾಗದಲ್ಲಿ ಕುಳಿತು ಗಾಜನ್ನು ನೋಡಿದರೆ, ನೆತ್ತಿಯ ಮೇಲಣ ಬಿಸಿಲು ಮುಚ್ಚಿಟ್ಟಿದ್ದ ಕಲೆಗಳೆಲ್ಲ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಅವನ್ನು ತೆಗೆಯುವ ಕೆಲಸವನ್ನು ಮರುದಿನ ಬೆಳಿಗ್ಗೆ ನೆರಳಿನಲ್ಲಿ ಮಾಡಬಹುದು.