ಸಿಆರ್‌ಪಿ ಹೆಚ್ಚಿದ್ದರೆ ಹೆದರಬೇಕೇ?

ಹೃದಯರೋಗ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೊಲೆಸ್ಟರಾಲ್. ಆದರೆ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿಕೊಂಡಾಗ ದೇಹ ಸುಮ್ಮನಿರುವುದಿಲ್ಲ. ಬಿಳಿ ರಕ್ತಕಣಗಳು ಅಲ್ಲಿ ಜಮಾಯಿಸಿ ಉರಿಯೂತ ಉಂಟಾಗುತ್ತದೆ. ಅದು ಬೆಳೆದಂತೆ ಕೊಬ್ಬಿನ ಮೇಲಿನ ಪದರ ತೆಳುವಾಗಿ ಒಡೆಯಬಹುದು. ಆಗ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡರೆ ಹೃದಯಾಘಾತ.

ಉರಿಯೂತವಿದ್ದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಇದನ್ನು ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆಯೇ ‘ಎಚ್‌ಎಸ್-ಸಿಆರ್‌ಪಿ’. ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 1ರಿಂದ 3 ಸಾಧಾರಣ, 3ನ್ನು ಮೀರಿದರೆ ಹೆಚ್ಚು ಎಂಬುದು ವೈದ್ಯರ ಲೆಕ್ಕ.

ಈಗ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಲ್ಲೂ ಈ ಪರೀಕ್ಷೆ ಸಿಗುತ್ತದೆ. ಆದರೆ ಇದೊಂದೇ ಅಂಕಿಯನ್ನು ನೋಡಿ ಹೆದರುವುದಾಗಲಿ, ನಿಶ್ಚಿಂತರಾಗುವುದಾಗಲಿ ಸರಿಯಲ್ಲ. ಸಿಆರ್‌ಪಿ ಹೊಗೆಯಿದ್ದಂತೆ. ಬೆಂಕಿಯಿದೆ ಎನ್ನುತ್ತದೆ, ಯಾವ ಒಲೆಯದ್ದೆಂದು ಹೇಳುವುದಿಲ್ಲ. ಜ್ವರ, ವಸಡಿನ ಸೋಂಕು, ಸಂಧಿವಾತ, ಬೊಜ್ಜು, ಧೂಮಪಾನ ಎಲ್ಲವೂ ಅದನ್ನು ಏರಿಸುತ್ತವೆ. 10ಕ್ಕಿಂತ ಹೆಚ್ಚಿದ್ದರೆ ಮೊದಲು ಸೋಂಕನ್ನು ಹುಡುಕಬೇಕು. ಗುಣವಾಗಿ ಎರಡು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಬೇಕು.

ಹಾಗೆಂದು ಇದು ವ್ಯರ್ಥ ಪರೀಕ್ಷೆಯಲ್ಲ. ಅಪಾಯ ತೀರಾ ಕಡಿಮೆಯೂ ಅಲ್ಲದೆ ತೀರಾ ಹೆಚ್ಚೂ ಅಲ್ಲದೆ ನಡುವೆ ಇರುವವರಿಗೆ ಸ್ಟ್ಯಾಟಿನ್ ಮಾತ್ರೆ ಬೇಕೇ ಎಂದು ನಿರ್ಧರಿಸಲು ವೈದ್ಯರಿಗೆ ಇದು ನೆರವಾಗುತ್ತದೆ. ಉರಿಯೂತವನ್ನಷ್ಟೇ ತಗ್ಗಿಸಿದರೂ ಹೃದಯಕ್ಕೆ ಲಾಭವಿದೆ ಎಂಬುದನ್ನು 2017ರ ‘ಕ್ಯಾಂಟೋಸ್’ ಅಧ್ಯಯನ ತೋರಿಸಿತು. ಹಿಂದೆ ಹೃದಯಾಘಾತವಾಗಿದ್ದ ಸುಮಾರು 10,000 ಮಂದಿ ಅದರಲ್ಲಿದ್ದರು. ಕೊಲೆಸ್ಟರಾಲ್ ಇಳಿಸದ ಚುಚ್ಚುಮದ್ದೊಂದು ಮತ್ತೆ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವುಗಳನ್ನು ಶೇ. 15ರಷ್ಟು ತಗ್ಗಿಸಿತು. ಆದರೆ ಅದೇ ಮದ್ದಿನಿಂದ ಮಾರಕ ಸೋಂಕುಗಳು ಹೆಚ್ಚಿದವು. ಉರಿಯೂತ ದೇಹದ ಕಾವಲೂ ಹೌದು, ಅದನ್ನು ಪೂರ್ತಿ ಅಡಗಿಸುವಂತಿಲ್ಲ.

ಆದ್ದರಿಂದ ಪ್ಯಾಕೇಜಿಗೆ ಹಣ ಕೊಡುವ ಮೊದಲು ರಕ್ತದೊತ್ತಡ, ಸಕ್ಕರೆ, ಎಲ್‌ಡಿಎಲ್ ಕೊಲೆಸ್ಟರಾಲ್ ಮತ್ತು ಸೊಂಟದ ಸುತ್ತಳತೆ ನೋಡಿಸಿಕೊಳ್ಳಿ. ಬೀಡಿ, ಸಿಗರೇಟು ಬಿಡುವುದು, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುವುದು, ಕರಿದ ತಿಂಡಿ ಕಡಿಮೆ ಮಾಡುವುದು, ಬೊಜ್ಜು ಕರಗಿಸುವುದು, ಇವು ಉರಿಯೂತವನ್ನೂ ತಗ್ಗಿಸುತ್ತವೆ, ಹೃದಯವನ್ನೂ ಕಾಯುತ್ತವೆ. ಎದೆ ಬಿಗಿದು ಬೆವರಿದರಂತೂ ಹಳೆಯ ರಿಪೋರ್ಟಿನಲ್ಲಿ ಸಿಆರ್‌ಪಿ ಕಡಿಮೆಯಿತ್ತೆಂದು ಕಾಯುತ್ತಾ ಕೂರಬೇಡಿ. ಕೂಡಲೇ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ.