ಕತ್ತಿಗೊಂದು ಸುಳ್ಳು ವಯಸ್ಸು

ಬೆಳ್ಳಗಿರುವುದೆಲ್ಲ ಹಾಲಲ್ಲ, ಚೀನಾದ ನೇರ ಕತ್ತಿಗಳೆಲ್ಲ 'ಜಿಯೆನ್' ಅಲ್ಲ. ಜಿಯೆನ್‌ಗೆ ಎರಡೂ ಅಂಚು ಹರಿತ. ಹಾನ್ ಕಾಲದ, ಹಿಡಿಯ ತುದಿಗೆ ಬಳೆಯಿರುವ ಕತ್ತಿಯೂ ನೇರವೇ, ಆದರೆ ಹರಿತ ಒಂದೇ ಕಡೆ. ಅದು 'ದಾವ್'. ಇಷ್ಟನ್ನೂ ನೋಡದೆ ಹೆಸರಿಡುವವರ ಮೇಲೆ ನನಗೆ ತಕರಾರಿದೆ.

ಕಾಲ ಹೇಳುವಾಗಿನ ಅವಸರ ಇನ್ನೂ ಕೆಟ್ಟದ್ದು. ಅಲಗಿನ ಮೇಲೆ ಲೊಂಗ್‌ಚುವಾನ್ ಎಂಬ ಊರಿನ ಹೆಸರು, ಏಳು ನಕ್ಷತ್ರಗಳ ಗುರುತು ಕಂಡರೆ ಸಾಕು, 'ಪ್ರಾಚೀನ' ಎಂದುಬಿಡುತ್ತಾರೆ. ಕತ್ತಿಗಳಿಗೆ ಹೆಸರಾದ ಊರು ಅದು. ಹಾಗಾಗಿಯೇ ಚಿಂಗ್ ಆಳ್ವಿಕೆಯ ಕೊನೆಗಾಲದಲ್ಲೂ ಆಮೇಲೂ ಆ ಹೆಸರನ್ನು ಕೆತ್ತುತ್ತಲೇ ಇದ್ದರು. ಹಿಡಿ, ಒರೆಗಳನ್ನೂ ನಂಬುವಂತಿಲ್ಲ. ಹಳೆಯ ಅಲಗಿಗೆ ಹೊಸ ಹಿಡಿ ಹಾಕುವುದು ಕಷ್ಟದ ಕೆಲಸವೇನಲ್ಲ.

ಹಾಗಾದರೆ ಬರಹಕ್ಕೆ ಬೆಲೆಯೇ ಇಲ್ಲವೇ? ಇದೆ. 1965ರಲ್ಲಿ ಹುಬೆಯ್ ಪ್ರಾಂತ್ಯದ ಜಿಯಾಂಗ್‌ಲಿಂಗ್‌ನಲ್ಲಿ ಗೋರಿಯೊಂದನ್ನು ಅಗೆದಾಗ ಕಂಚಿನ ಜಿಯೆನ್ ಸಿಕ್ಕಿತು. ಅದು ಯುವೆ ರಾಜ್ಯದ ದೊರೆ ಗೋವ್‌ಜಿಯೆನ್‌ನದು ಎಂದು ತಿಳಿದದ್ದು ಅದರ ಮೇಲಿನ ಎಂಟು ಹಕ್ಕಿಲಿಪಿಯ ಅಕ್ಷರಗಳಿಂದ. ಆದರೆ ಗೋರಿ ಚು ರಾಜ್ಯದ್ದು! ಅಕ್ಷರ ಒಡೆಯನನ್ನು ತೋರಿಸಿತು. ಕತ್ತಿ ಪರನಾಡು ಸೇರಿತ್ತೆಂದು ಹೇಳಿದ್ದು ಮಣ್ಣು.

ಅಂಗಡಿಯ ಕತ್ತಿಗೆ ಈ ಮಣ್ಣಿನ ಸಾಕ್ಷಿ ಇರುವುದಿಲ್ಲ. ಅಂಥದ್ದಕ್ಕೆ ಮೊದಲು ಅಲಗಿನ ಲೋಹ, ಅಂಚು, ಹಿಡಿಯೊಳಗಿನ ಭಾಗ ನೋಡಿ. ಆಮೇಲೂ ತಿಳಿಯದಿದ್ದರೆ 'ಕಾಲ ಗೊತ್ತಿಲ್ಲ' ಎಂದು ಬರೆಯಿರಿ. ಅದರಲ್ಲಿ ಅವಮಾನವೇನಿದೆ? ಇಂದು ನೀವು ಚೀಟಿಯಲ್ಲಿ ಬರೆದಿಟ್ಟ ಊಹೆಯನ್ನೇ ನಾಳೆ ವಿದ್ಯಾರ್ಥಿಯೊಬ್ಬಳು ಆಧಾರವೆಂದು ನಂಬಿ ಇನ್ನೊಂದು ಕತ್ತಿಯ ವಯಸ್ಸು ಹೇಳುತ್ತಾಳೆ.